ಯಾರೂ ಹೊಡೀತಿಲ್ಲ ಸಾರ್

ರೇಣುಕಮ್ಮ ತಿಂಗಳಿಗೊಮ್ಮೆ ಮನೆ ಬದಲಾಯಿಸುತ್ತಾಳೆ. ಬಾಡಿಗೆ ಇಲ್ಲ, ಮುಂಗಡ ಇಲ್ಲ, ಬಾಗಿಲೂ ಇಲ್ಲ. ಬಿ.ಜಿ. ಕೆರೆಯ ಆಚೆ, ಟಾರು ರಸ್ತೆಯಿಂದ ಒಳಕ್ಕೆ ಸರಿದು ಕೂತಿರುವ ಅವಳ ಹಟ್ಟಿಯಲ್ಲಿ ಹೆಂಗಸರು ಮುಟ್ಟಾದರೆ ಮೂರು ದಿನ ಹಟ್ಟಿಯ ಹೊರಗಿರಬೇಕು. ಹೆತ್ತರೆ ಮೂರು ತಿಂಗಳು. ಹೆತ್ತವಳ ಜೊತೆ ಕೂಸೂ ಹೊರಗೆ. ಕೂಸು ಏನು ತಪ್ಪು ಮಾಡಿತು ಎಂದು ಕೇಳಿದರೆ ಹಟ್ಟಿಯ ಯಜಮಾನ ಬೋರಣ್ಣ ಕೆಮ್ಮುತ್ತಾನೆ. ಅವನು ದೇವರ ಪೆಟ್ಟಿಗೆ ಹೊರುವವನು, ಪೂಜೆ ಮಾಡುವವನು. ಅವನ ಕೆಮ್ಮಿಗೂ ಹಟ್ಟಿಯಲ್ಲಿ ಮರ್ಯಾದೆ ಇದೆ.

ಈ ಸಲ ಕಾರ್ತಿಕದ ಗಾಳಿ ಬೀಸುವ ಹೊತ್ತಿಗೇ ಅವಳ ಸರದಿ ಬಂತು. ಬೆಳಗಿನಿಂದ ಕೂಲಿಗೆ ಹೋಗಿ ಶೇಂಗಾ ಗಿಡ ಕಿತ್ತು ಬಂದಿದ್ದಳು. ಉಗುರಿನ ಸಂದಿಯಲ್ಲಿ ಮಣ್ಣು, ಸೊಂಟದಲ್ಲಿ ನೋವು. ಹೊಸಿಲ ಹತ್ತಿರ ಬಂದಾಗ ಗೊತ್ತಾಯಿತು. ಹಾಗೇ ತಿರುಗಿ ಹೊರಟಳು. ಗಂಡನಿಗೆ ಹೇಳಿ ಹೋಗೋಣ ಎಂದರೆ ಅವನು ಕುರಿ ಹೊಡೆದುಕೊಂಡು ಹೊಳೆ ಸೀಮೆಗೆ ಹೋಗಿದ್ದಾನೆ. ಕುರಿಗಳಿಗೆ ಮನಸ್ಸು ಬಂದಾಗ ಅವನೂ ಬರುತ್ತಾನೆ.

ಹಟ್ಟಿಯ ಹೊರಗೆ ಜಾಲಿ ಗಿಡಗಳ ನಡುವೆ ಬಾಣಂತಿ ಗುಡ್ಲು. ನಾಲ್ಕು ಕೋಲು, ನಾಲ್ಕು ಗರಿ, ಮೇಲೆ ಚುನಾವಣೆಯ ಹಳೆಯ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಸೋತ ಅಭ್ಯರ್ಥಿಯೊಬ್ಬರು ಕೈಮುಗಿದು ನಗುತ್ತಿದ್ದರು. ಗಾಳಿ ಬಂದಾಗಲೆಲ್ಲ ಅವರ ಗಲ್ಲ ಪಟಪಟ ಬಡಿದುಕೊಳ್ಳುತ್ತಿತ್ತು. ಹೊರಗೆ ಹೋದ ಸಾಮಾನು ಮತ್ತೆ ಒಳಗೆ ಬರುವಂತಿಲ್ಲ, ಅದಕ್ಕೇ ಹರಿದದ್ದು, ಮುರಿದದ್ದು ಮಾತ್ರ ಹೊರಗೆ ಬರುತ್ತದೆ. ಆ ಗುಡ್ಲಿನಲ್ಲಿ ಬೋರಣ್ಣನ ಸ್ವಂತ ಸೊಸೆ ಸ್ವಪ್ನ, ಇನ್ನೂ ತಿಂಗಳು ತುಂಬದ ಹೆಣ್ಣು ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಕೂತಿದ್ದಳು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಬಿಳಿ ಹಾಸಿಗೆಯ ಮೇಲೆ ಹೆತ್ತು ಬಂದವಳನ್ನು ಹಟ್ಟಿಯ ಅಂಚಿಗೇ ಇಳಿಸಿ, ಇಲ್ಲಿ ಕೂರಿಸಿದ್ದರು.

ಹೊರಗಿರುವವರು ಒಬ್ಬರನ್ನೊಬ್ಬರು ಮುಟ್ಟಬಾರದು ಎಂತಲೂ ನಿಯಮ ಇದೆ. ಆದರೆ ಅದನ್ನು ನೋಡಲಿಕ್ಕೆ ಹತ್ತಿರ ಬರಬೇಕಲ್ಲ, ಯಾರೂ ಬರುವುದಿಲ್ಲ. ರೇಣುಕಮ್ಮ ಕೂಸನ್ನು ಎತ್ತಿ ತೊಡೆ ಮೇಲೆ ಹಾಕಿಕೊಂಡಳು. ಕೂಸು ಅಳಲಿಲ್ಲ. ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ತುಟಿಯ ಅಂಚು ನೀಲಿಗಟ್ಟಿತ್ತು.

"ಯಾವಾಗಿಂದ ಹಿಂಗೈತೆ ಸ್ವಪ್ನಾ?"

"ನಿನ್ನೆ ಬೆಳಗ್ಗೆಯಿಂದ ಅಕ್ಕ. ಹಾಲೂ ಕುಡೀತಿಲ್ಲ. ಅತ್ತೆಗೆ ಕೂಗಿ ಹೇಳಿದೆ. ಅತ್ತೆ ಮಾವಂಗೆ ಹೇಳ್ಯಾರೆ. ಮಾವ ಹಣೆಗೆ ಹಚ್ಚು ಅಂತ ದ್ಯಾವ್ರ ಭಂಡಾರ ಕೊಟ್ಟು ಕಳ್ಸವ್ರೆ."

"ಭಂಡಾರನಾ? ತನಗೆ ನೆಗಡಿ ಆದ್ರೆ ಚಳ್ಳಕೆರೆಗೆ ಓಡೋಗಿ ಎರಡು ಇಂಜೆಕ್ಷನ್ ಚುಚ್ಚಿಸ್ಕಂಡು ಬರ್ತಾನಲ್ಲ, ಅವಾಗೆಲ್ಲಿ ಹೋಗಿರ್ತೈತೆ ಭಂಡಾರ?"

ಸ್ವಪ್ನಳಿಗೆ ನಗು ಬಂತು. ಅರ್ಧ ನಕ್ಕು, ಉಳಿದರ್ಧಕ್ಕೆ ಅತ್ತಳು.

ಸಂಜೆಯಾಗುತ್ತಿದ್ದಂತೆ ಕೂಸಿನ ಅಪ್ಪ ಕೃಷ್ಣಮೂರ್ತಿ ಬಂದ. ಚಳ್ಳಕೆರೆಯಲ್ಲಿ ಆಟೋ ಓಡಿಸುತ್ತಾನೆ. ಕೆಟ್ಟವನಲ್ಲ. ಅಪ್ಪನ ಎದುರಿಗೆ ಮಾತ್ರ ಅವನ ಬೆನ್ನುಮೂಳೆ ಎಲ್ಲೋ ಹೋಗಿಬಿಡುತ್ತದೆ. ಆಟೋ ದೂರದಲ್ಲೇ ನಿಲ್ಲಿಸಿ, ಅಲ್ಲಿಂದಲೇ ಕೂಗಿದ.

"ಕೂಸು ಹೆಂಗೈತೆ?"

"ಬಂದು ನೋಡು," ಎಂದಳು ರೇಣುಕಮ್ಮ.

"ಬರಂಗಿಲ್ಲ ಅಂತ ನಿಂಗೊತ್ತಿಲ್ವಾ ಅತ್ತಿಗೆ? ಸಿರಪ್ ತಂದೀನಿ. ಬಂಡೆ ಮ್ಯಾಲೆ ಇಡ್ತೀನಿ."

"ಸಿರಪ್ಪಿಗೆ ಹೋಗೋದಲ್ಲ ಇದು. ಪಕ್ಕೆ ಸೆಳೀತೈತೆ. ಆಟೋದಾಗೆ ಹಾಕ್ಕಂಡು ಆಸ್ಪತ್ರೆಗೆ ನಡಿ."

"ಆಟೋದಾಗೆ ದ್ಯಾವ್ರ ಫೋಟೋ ಐತೆ."

"ಬಿಚ್ಚಿ ಕೆಳಗಿಡು. ದ್ಯಾವ್ರು ಒಂದಿನ ನಡ್ಕಂಡು ಬರ್ಲಿ."

ಕೃಷ್ಣಮೂರ್ತಿ ಕಣ್ಣೊರೆಸಿಕೊಂಡ. ಬಾಟಲಿಯನ್ನು ಬಂಡೆಯ ಮೇಲೆ ಇಟ್ಟ. ಆಟೋ ತಿರುಗಿಸಿದ. ಆಟೋದ ಬೆನ್ನ ಮೇಲೆ ಒಂದು ಸ್ಟಿಕರ್ ಇತ್ತು. ಚಳ್ಳಕೆರೆಯಲ್ಲಿ ಯಾವುದೋ ಅಭಿಯಾನದ ದಿನ ಎಲ್ಲ ಆಟೋಗಳಿಗೂ ಅಂಟಿಸಿದ್ದು. ಮಕ್ಕಳಿಗೆ ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ ಎಂದು, ದೊಡ್ಡದಾಗಿ 1098. ಆಯುಧಪೂಜೆಯಲ್ಲಿ ಕೃಷ್ಣಮೂರ್ತಿ ಅದಕ್ಕೂ ಕುಂಕುಮ ಹಚ್ಚಿದ್ದ. ರೇಣುಕಮ್ಮನಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಚೆನ್ನಾಗಿ ಬರುತ್ತದೆ. ಸ್ಟಿಕರಿನ ಮೇಲಿನ ಮಗುವಿನ ಚಿತ್ರ ನೋಡಿದಳು, ಅಂಕಿ ನೋಡಿದಳು, ಸೆರಗಿನ ಗಂಟಿನಿಂದ ಫೋನು ತೆಗೆದಳು.

ಆಂಬುಲೆನ್ಸಿಗೇ ಫೋನ್ ಮಾಡಬಹುದಿತ್ತು. ಹಿಂದೊಮ್ಮೆ ಮಾಡಿದ್ದಳು. ಬೋರಣ್ಣ ದಾರಿಗೆ ಅಡ್ಡ ನಿಂತು, ಇಲ್ಲಿ ಯಾರಿಗೂ ಏನೂ ಆಗಿಲ್ಲ ಎಂದು ಗಾಡಿ ವಾಪಸು ಕಳಿಸಿದ್ದ. ಅವತ್ತು ಗುಡ್ಲಿನಲ್ಲಿದ್ದದ್ದು ರೇಣುಕಮ್ಮನ ಚೊಚ್ಚಲ ಕೂಸು. ಅದು ಈಗ ಆ ಜಾಲಿ ಗಿಡಗಳ ಕೆಳಗೇ ಇದೆ, ಮಣ್ಣಿನ ಒಳಗೆ. ಅವಳು ನಗುತ್ತಾಳೆ, ಎಲ್ಲರನ್ನೂ ರೇಗಿಸುತ್ತಾಳೆ, ಹಟ್ಟಿಯಲ್ಲಿ ಅವಳಷ್ಟು ಬಾಯಿ ಇನ್ನೊಬ್ಬರಿಗಿಲ್ಲ. ಆದರೆ ಆ ಸಿಟ್ಟು ಒಂದು ದಿನವೂ ಆರಿಲ್ಲ.

ಫೋನಿನ ಆ ಕಡೆ ಒಬ್ಬ ಹುಡುಗನ ದನಿ ಬಂತು. ಸಮಾಧಾನದ ದನಿ.

"ಹೇಳಿ ಅಮ್ಮ, ಮಗುಗೆ ಏನು ತೊಂದರೆ? ಯಾರಾದರೂ ಹೊಡೀತಿದಾರಾ?"

"ಯಾರೂ ಹೊಡೀತಿಲ್ಲ ಸಾರ್."

"ದುಡಿಯೋಕೆ ಹಚ್ಚಿದಾರಾ?"

"ಹುಟ್ಟಿ ತಿಂಗ್ಳಾಗಿಲ್ಲ, ಏನು ದುಡೀತೈತೆ?"

"ಬಿಟ್ಟು ಹೋಗಿದಾರಾ?"

"ಬಿಟ್ಟೂ ಹೋಗಿಲ್ಲ ಸಾರ್. ಎಲ್ರೂ ಇಲ್ಲೇ ಅವ್ರೆ. ತಾತ ಅವ್ನೆ, ಅಜ್ಜಿ ಅವ್ಳೆ, ಅಪ್ಪ ಈಗ ಬಂದು ಹೋದ. ಎಲ್ರೂ ದೂರ ನಿಂತು ನೋಡ್ತಾ ಅವ್ರೆ. ಕೂಸಿಗೆ ಉಸಿರು ಸಿಗ್ತಿಲ್ಲ."

ಹುಡುಗ ತನ್ನ ಪಟ್ಟಿಯ ಪ್ರಶ್ನೆಗಳನ್ನು ಬಿಟ್ಟ. ಆಮೇಲೆ ಬೇರೆ ತರಹದ ಪ್ರಶ್ನೆ ಕೇಳಿದ. ಎಲ್ಲಿ, ಯಾವ ಹಟ್ಟಿ, ಸುತ್ತ ಗೋಡೆ ಇದೆಯಾ, ತಾಯಿ ಏನು ತಿಂದಿದ್ದಾಳೆ. ರೇಣುಕಮ್ಮ ಎಲ್ಲವನ್ನೂ ಹೇಳಿದಳು, ಹಿಂದೊಮ್ಮೆ ಆಂಬುಲೆನ್ಸು ವಾಪಸು ಹೋದದ್ದನ್ನೂ. ಬೆಳಗಾಗುತ್ತಲೇ ಪೊಲೀಸರನ್ನು ಕರೆದುಕೊಂಡು ನಮ್ಮ ಜನ ಬರುತ್ತಾರೆ, ಅಲ್ಲಿಯವರೆಗೆ ಮಗುವನ್ನು ಮೈಗೆ ಒತ್ತಿ ಬೆಚ್ಚಗಿಟ್ಟುಕೊಳ್ಳಿ ಎಂದ ಅವನು.

"ನಿಮ್ಮ ಹೆಸರು ಹೇಳಬೇಕಾಗಿಲ್ಲ ಅಮ್ಮ. ಯಾರು ಫೋನ್ ಮಾಡಿದ್ದು ಅಂತ ನಾವು ಗುಟ್ಟಾಗಿಡ್ತೀವಿ."

ರೇಣುಕಮ್ಮ ಜೋರಾಗಿ ನಕ್ಕಳು. "ಇಲ್ಲಿ ಹೊರಗಿರೋದು ನಾವು ಮೂರೇ ಜನ ಸಾರ್. ಅದ್ರಾಗೆ ಒಬ್ಳಿಗೆ ಇನ್ನೂ ಮಾತು ಬರಲ್ಲ. ಏನು ಗುಟ್ಟು? ಬರ್ಕಳ್ರಿ, ರೇಣುಕಮ್ಮ ಅಂತ."

ಇಬ್ಬರೂ ಸರದಿಯ ಮೇಲೆ ಕೂಸನ್ನು ಎದೆಗೆ ಒತ್ತಿಕೊಂಡು ಕೂತರು.

ಬೆಳಗ್ಗೆ ಜೀಪಿಗಿಂತ ಮುಂಚೆ ಜಂಬುಲಿಂಗಪ್ಪ ಬಂದ. ಅವನು ಪಂಚಾಯ್ತಿ ಮೆಂಬರು. ಮಕ್ಕಳ ರಕ್ಷಣೆಯ ಆಫೀಸಿನವರು ದಾರಿ ಕೇಳಿ ಅವನಿಗೇ ಫೋನ್ ಮಾಡಿದ್ದರು, ಅವನು ಅವರಿಗೆ ಸುತ್ತಿನ ದಾರಿ ಹೇಳಿ, ತಾನು ಹತ್ತಿರದ ದಾರಿಯಲ್ಲಿ ಬೈಕು ಹೊಡೆದುಕೊಂಡು ಬಂದಿದ್ದ. ಹಟ್ಟಿಯಲ್ಲಿ ಗಡಿಬಿಡಿ ಶುರುವಾಯಿತು. ಗುಡ್ಲು ಕೆಡವಬೇಕು, ಆದರೆ ಯಾರೂ ಮುಟ್ಟುವಂತಿಲ್ಲ. ಗಂಡಸರು ಉದ್ದನೆಯ ಗಳ ತಂದು ದೂರದಿಂದ ತಿವಿದರು. ಬಲೂನಿಗೆ ಗುರಿ ಇಟ್ಟವರ ಹಾಗೆ ಒಂದು ಕಣ್ಣು ಮುಚ್ಚಿಕೊಂಡು ತಿವಿದರು. ಅಭ್ಯರ್ಥಿ ಕೈಮುಗಿದುಕೊಂಡೇ ಮಣ್ಣಿಗೆ ಬಿದ್ದರು.

"ಬಣವೆ ಹಿಂದೆ ಹೋಗಿ ಕೂತ್ಕಳ್ರಿ ಇಬ್ರೂ!" ಬೋರಣ್ಣ ಕೂಗಿದ. "ಉಸಿರು ಬಿಡಬ್ಯಾಡ್ರಿ!"

ಕೂಸು ಆ ಮಾತು ಪಾಲಿಸಲಿಕ್ಕೆ ಹೊರಟಂತೆಯೇ ಇತ್ತು.

ಜೀಪು ಬಂತು. ಇಳಿದವಳು ದಾಕ್ಷಾಯಿಣಿ, ಮಕ್ಕಳ ರಕ್ಷಣೆಯ ಆಫೀಸಿನವಳು. ಜೊತೆಗೆ ಒಬ್ಬ ಪೊಲೀಸು. ಹಟ್ಟಿ ಅವರನ್ನು ಮದುವೆ ಮನೆಯ ಬೀಗರ ಹಾಗೆ ನೋಡಿಕೊಂಡಿತು. ಪ್ಲಾಸ್ಟಿಕ್ ಕುರ್ಚಿ ಬಂತು, ಟೀ ಬಂತು, ಬೋರಣ್ಣ ಇಸ್ತ್ರಿ ಮಾಡಿದ ಪಂಚೆಯಲ್ಲಿ ಬಂದ.

"ಅದೆಲ್ಲ ಹಿಂದಿನ ಕಾಲದ್ದು ಮೇಡಂ. ಈಗ ನಾವು ಸುಧಾರಿಸೀವಿ. ನಮ್ ಸೊಸೆ ಕೂಸು ಎತ್ಕಂಡು ತವರಿಗೆ ಹೋಗ್ಯಾಳೆ."

"ಯಾರೋ ಆಗದವ್ರು ಮಾಡಿರೋ ಫೋನು ಮೇಡಂ," ಎಂದ ಜಂಬುಲಿಂಗಪ್ಪ. "ಮುಗ್ಧ ಜನ ಇವ್ರು. ಸುಮ್ನೆ ಹೆಸ್ರು ಕೆಡಿಸ್ತಾರೆ."

ದಾಕ್ಷಾಯಿಣಿಗೆ ಅವತ್ತು ಇನ್ನೂ ಎರಡು ಊರು ಬಾಕಿ ಇದ್ದವು. ಲೋಟ ಕೆಳಗಿಟ್ಟು ಏಳಲು ಹೊರಟಳು. ಬಣವೆಯ ಹಿಂದಿನಿಂದ ರೇಣುಕಮ್ಮನಿಗೆ ಎಲ್ಲ ಕೇಳುತ್ತಿತ್ತು. ಆ ಲೋಟ ಕೆಳಗಿಟ್ಟ ಸದ್ದೂ ಕೇಳಿತು.

"ನಡಿ," ಎಂದಳು.

"ಹೊರಗೆ ಹೋದ್ರೆ ಮಾವ ಬಿಡಲ್ಲ ಅಕ್ಕ."

"ಏನು ಮಾಡ್ತಾನೆ? ಹಟ್ಟಿಯಿಂದ ಹೊರಗೆ ಹಾಕ್ತಾನಾ?"

ಸ್ವಪ್ನ ಅವಳ ಮುಖ ನೋಡಿದಳು. ಎದ್ದಳು. ಇಬ್ಬರೂ ಕೂಸನ್ನು ಎತ್ತಿಕೊಂಡು ಬಯಲಿಗೆ ಬಂದಾಗ ಹಟ್ಟಿಯ ಜನ ಕೋಳಿಗಳ ಹಾಗೆ ಚೆದುರಿದರು. ಕುರ್ಚಿಯೊಂದು ಉರುಳಿತು.

"ಓ, ಬಂದೇ ಬಿಟ್ಳು ನೋಡ್ರಿ," ಎಂದ ಬೋರಣ್ಣ, ಬೆವರೊರೆಸಿಕೊಂಡು. "ಈಗ ತಾನೇ ತವರಿಂದ."

"ಯಾವ ಬಸ್ಸಿಗೆ ಬಂದಳು?" ದಾಕ್ಷಾಯಿಣಿ ಕೇಳಿದಳು.

"ಬಣವೆ ಬಸ್ಸು ಮೇಡಂ," ಎಂದಳು ರೇಣುಕಮ್ಮ. "ಫೋನ್ ಮಾಡಿದೋಳು ನಾನೇ. ಇವಳು ಹೆತ್ತಾಗಿಂದ ಇಲ್ಲೇ ಬಯಲಾಗೆ ಬಿದ್ದವ್ಳೆ. ಗುಡ್ಲು ಈಗ ಕೆಡವಿದ್ರು. ಕೂಸಿನ ಪಕ್ಕೆ ನೋಡ್ರಿ."

"ಸುಳ್ಳು! ಹೊರಗಿಡೋ ಪದ್ಧತಿ ನಮ್ಮಾಗೆ ಇಲ್ವೇ ಇಲ್ಲ. ದ್ಯಾವ್ರಾಣೆ ಇಲ್ಲ!"

ರೇಣುಕಮ್ಮ ಕೂಸನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ಹಂಗಾದ್ರೆ ತಗಳ್ರಿ ಮಾವ. ನಿಮ್ ಮೊಮ್ಮಗಳು. ಇನ್ನೂ ಮುಖಾನೇ ನೋಡಿಲ್ಲ ನೀವು."

ಬೋರಣ್ಣ ಒಂದು ಹೆಜ್ಜೆ ಹಿಂದೆ ಇಟ್ಟ. ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು. ಅವನು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಮುಟ್ಟಿದರೆ ಮೈಲಿಗೆ, ದೇವರ ಪೆಟ್ಟಿಗೆ ಹೊರುವ ಭುಜಕ್ಕೆ ಮೈಲಿಗೆ. ಮುಟ್ಟದಿದ್ದರೆ ಈಗಷ್ಟೇ ಇಟ್ಟ ಆಣೆ ಸುಳ್ಳು. ಹಿಂದೆ ಹಿಂದೆ ಹೋಗಿ ಜೀಪಿಗೆ ತಾಗಿದ. ಅಲ್ಲಿಂದ ಪಕ್ಕಕ್ಕೆ ಸರಿದ. ಅವಳು ಬಿಡಲಿಲ್ಲ. ಯಜಮಾನ ಮುಂದೆ, ಕೂಸು ಹಿಂದೆ, ಜೀಪಿಗೆ ಒಂದು ಪೂರ್ತಿ ಪ್ರದಕ್ಷಿಣೆ ಆಯಿತು. ಪೊಲೀಸು ಟೋಪಿ ಅಡ್ಡ ಹಿಡಿದು ನಕ್ಕ.

ದಾಕ್ಷಾಯಿಣಿ ನಗಲಿಲ್ಲ. ಕೂಸನ್ನು ತಾನೇ ತೆಗೆದುಕೊಂಡಳು. ಬಟ್ಟೆ ಸರಿಸಿ ಪಕ್ಕೆ ನೋಡಿದಳು. ಅವಳ ಮುಖದ ಬಣ್ಣವೇ ಬದಲಾಯಿತು.

"ಗಾಡಿ ತೆಗೀರಿ," ಎಂದಳು ಡ್ರೈವರಿಗೆ. "ತಾಯಿ ಹತ್ತಿ. ನೀವೂ ಹತ್ತಿ ರೇಣುಕಮ್ಮ. ಬೋರಣ್ಣೋರೇ, ಕೇಸಿನ ಮಾತು ಆಮೇಲೆ ಆಡೋಣ."

ಚಳ್ಳಕೆರೆಯ ಆಸ್ಪತ್ರೆಯಲ್ಲಿ ಕೂಸಿಗೆ ನ್ಯುಮೋನಿಯಾ ಎಂದರು. ಮೂಗಿಗೆ ನಳಿಗೆ ಹಾಕಿದರು, ಗಾಜಿನ ಡಬ್ಬಿಯಲ್ಲಿ ಮಲಗಿಸಿದರು. ಮೊದಲ ದಿನ ಡಾಕ್ಟರು ಯಾವ ಭರವಸೆಯನ್ನೂ ಕೊಡಲಿಲ್ಲ. ಸ್ವಪ್ನ ನೆಲದ ಮೇಲೆ ಕೂತು ಗಾಜನ್ನೇ ನೋಡಿದಳು. ರೇಣುಕಮ್ಮ ವರಾಂಡದಲ್ಲಿ ಅತ್ತಿಂದಿತ್ತ ನಡೆದಳು, ನರ್ಸುಗಳನ್ನು ರೇಗಿಸಿದಳು, ಒಬ್ಬಳೇ ಆದಾಗ ಗೋಡೆಗೆ ಹಣೆ ಒತ್ತಿ ನಿಂತಳು. ಆಮೇಲೊಂದು ಬೆಳಗ್ಗೆ ಕೂಸು ಬಾಯಿ ತೆಗೆದು ಅತ್ತಿತು. ವಾರ್ಡೆಲ್ಲ ತಿರುಗಿ ನೋಡುವಂತೆ ಅತ್ತಿತು.

"ಇದು ನನ್ ಹಂಗೇ ಬಾಯಿಬಡಕಿ ಆಗ್ತೈತೆ," ಎಂದು ರೇಣುಕಮ್ಮ ಕುಣಿದೇಬಿಟ್ಟಳು.

ಕೃಷ್ಣಮೂರ್ತಿ ಬಂದ. ಆಸ್ಪತ್ರೆಯೊಳಗೆ ಮೈಲಿಗೆ ಲೆಕ್ಕಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮಗಳ ಬೆರಳು ಹಿಡಿದ. ಹಿಡಿದವನು ಬಿಡಲೇ ಇಲ್ಲ. ಹೊತ್ತು ಮುಳುಗಿದಾಗ ರೇಣುಕಮ್ಮನೇ, "ಸಾಕು ಬಿಡಪ್ಪ, ಅದಕ್ಕೂ ನಿದ್ದೆ ಬೇಕು," ಎನ್ನಬೇಕಾಯಿತು.

ಕೂಸು ಗುಣವಾಯಿತು. ದಾಕ್ಷಾಯಿಣಿಯೇ ಜೀಪಿನಲ್ಲಿ ಕರೆತಂದಳು. ಹಟ್ಟಿಯ ಹೊರಗೆ ಜಾಲಿ ಗಿಡ ಕಡಿದು ಜಾಗ ಮಾಡಿದ್ದರು. ಅಲ್ಲಿ ಹೊಸ ಗುಡ್ಲು ಎದ್ದಿತ್ತು. ತಗಡಿನ ಗೋಡೆ, ತಗಡಿನ ಸೂರು, ಸಿಮೆಂಟು ನೆಲ. ಒಳಗೆ ಒಂದು ಬಲ್ಬು. ಬಾಗಿಲಿಗೆ ಕೆಂಪು ರಿಬ್ಬನ್ನೂ ಕಟ್ಟಿದ್ದರು.

"ಪಂಚಾಯ್ತಿಯಿಂದ ಮಾಡ್ಸಿದ್ದು ಮೇಡಂ," ಎಂದ ಜಂಬುಲಿಂಗಪ್ಪ, ಫೋನಿನಲ್ಲಿ ಫೋಟೋ ತೆಗೆಯುತ್ತ. "ಪದ್ಧತಿನೂ ಉಳೀತು, ಕೂಸಿಗೂ ಅನುಕೂಲ ಆಯ್ತು."

ಬೋರಣ್ಣ ದೂರದಲ್ಲಿ ನಿಂತು ತಲೆಯಾಡಿಸಿದ. ಕೇಸಿನ ಭಯಕ್ಕೆ ಅವನು ಇಷ್ಟು ಬಗ್ಗಿದ್ದ. ಇದಕ್ಕಿಂತ ಬಗ್ಗುವವನಲ್ಲ. ದಾಕ್ಷಾಯಿಣಿ ಒಳಗೆ ಇಣುಕಿ ನೋಡಿದಳು. ದಣಿದಿದ್ದಳು.

"ಸದ್ಯಕ್ಕೆ ಪರವಾಗಿಲ್ಲ ಅಲ್ವಾ ಸ್ವಪ್ನಾ? ನಿಧಾನಕ್ಕೆ ಜನರಿಗೆ ತಿಳುವಳಿಕೆ ಕೊಡೋಣ. ಒಂದೇ ಸಲ ಎಲ್ಲ ಆಗಲ್ಲ."

"ಬಲ್ಬು ಹಾಕಿದ್ರೆ ಜೈಲೂ ಮನೆ ಆಗ್ತೈತಾ ಮೇಡಂ?" ರೇಣುಕಮ್ಮನ ದನಿ ಏರಿತು. "ನಿಮ್ ಕೂಸ್ನ ಮಲಗಿಸ್ತೀರಾ ಇಲ್ಲಿ? ಹೇಳ್ರಿ."

ದಾಕ್ಷಾಯಿಣಿ ಬಾಗಿಲಿನಿಂದ ಹಿಂದೆ ಸರಿದಳು. ನೆಲ ನೋಡಿದಳು.

ಸ್ವಪ್ನ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೂಸನ್ನು ಭುಜಕ್ಕೆ ಹಾಕಿಕೊಂಡಳು.

"ನಾನು ಮನೆಗೆ ಹೋಗ್ತೀನಿ," ಎಂದಳು.

ಹೊರಟೇಬಿಟ್ಟಳು. ರಿಬ್ಬನ್ನಿನ ಪಕ್ಕದಿಂದ, ಗುಡ್ಲು ದಾಟಿ, ಹಟ್ಟಿಯ ಬೇಲಿಯ ಬಾಯಿಗೆ. ರೇಣುಕಮ್ಮ ಹಿಂದೆಯೇ ಹೊರಟಳು.

"ಲೇ, ಹಿಡೀರಿ ಅವಳ್ನ!" ಬೋರಣ್ಣ ಅರಚಿದ. "ಒಳಗೆ ಬಿಡಬ್ಯಾಡ್ರಿ! ಹಿಡೀರಿ!"

ಯಾರು ಹಿಡಿಯಬೇಕು? ಹಿಡಿಯಬೇಕೆಂದರೆ ಮುಟ್ಟಬೇಕು. ಮುಟ್ಟಿದರೆ ತಾವೂ ಹೊರಗೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ತೋಳೇರಿಸಿಕೊಂಡು ಮುಂದೆ ಬಂದ. ಸ್ವಪ್ನ ನೇರ ಅವನ ಕಡೆಗೇ ನಡೆದಳು. ಅವನು ಬೇಲಿ ಹಾರಿದ. ಆಮೇಲೆ ಓಣಿಯೇ ತೆರೆದುಕೊಂಡಿತು. ಈ ಕಡೆಯವರು ಈ ಗೋಡೆಗೆ, ಆ ಕಡೆಯವರು ಆ ಗೋಡೆಗೆ ಅಂಟಿಕೊಂಡರು. ಕಟ್ಟೆಯ ಮೇಲೆ ಕೂತವರು ಕಾಲು ಮೇಲೆಳೆದುಕೊಂಡರು. ಇಷ್ಟು ವರ್ಷ ತಮ್ಮನ್ನು ಹೊರಗೆ ಅಟ್ಟಿದ ಭಯವೇ ಈಗ ದಾರಿ ಬಿಡಿಸಿಕೊಡುತ್ತಿದೆ ಎಂದು ಹೊಳೆದಾಗ ರೇಣುಕಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತ, ಅಳುತ್ತ, ಸ್ವಪ್ನಳ ಹಿಂದೆ ನಡೆದಳು.

ಕೃಷ್ಣಮೂರ್ತಿ ಆಟೋದ ಪಕ್ಕ ನಿಂತಿದ್ದ. ಎಲ್ಲರೂ ಸರಿದಾಗ ಅವನು ಸರಿಯಲಿಲ್ಲ. ಸ್ವಪ್ನಳ ಸೆರಗು ಅವನ ತೋಳನ್ನು ಸವರಿಕೊಂಡು ಹೋಯಿತು. ಅವನು ಹಾಗೇ ನಿಂತ.

ಬೋರಣ್ಣನ ಮನೆಯ ಬಾಗಿಲಲ್ಲಿ ಅವನ ಹೆಂಡತಿ ಪಾತಮ್ಮ ನಿಂತಿದ್ದಳು. ಐದು ಕೂಸು ಹೆತ್ತವಳು. ಐದನ್ನೂ ಹೊರಗೆ ಸಾಕಿದವಳು. ಸೊಸೆಗೂ ದಿನಾ ಮುದ್ದೆ ತಂದು ಬಂಡೆಯ ಮೇಲಿಟ್ಟು ಹಿಂದೆ ಸರಿದವಳು. ಸ್ವಪ್ನ ಹೊಸಿಲ ಮುಂದೆ ನಿಂತಳು. ಪಾತಮ್ಮ ಸೊಸೆಯ ಮುಖ ನೋಡಿದಳು, ಭುಜದ ಮೇಲಿನ ಕೂಸು ನೋಡಿದಳು. ಕೈ ಚಾಚಿ ಕೂಸನ್ನು ತೆಗೆದುಕೊಂಡಳು.

"ಬಾಗ್ಲಾಗೆ ನಿಂತ್ಕಬ್ಯಾಡ. ಗಾಳಿ ಬರ್ತೈತೆ. ಒಳಕ್ಕೆ ಬಾ."

ಅಷ್ಟಾಯಿತು ನೋಡಿ, ಹಟ್ಟಿಯ ಯಜಮಾನನಿಗೆ ಮನೆ ಇಲ್ಲದಂತಾಯಿತು. ಸೊಸೆ ಕಾಲಿಟ್ಟ ಮನೆ, ಹೆಂಡತಿ ಮುಟ್ಟಿದ ಒಲೆ, ಎಲ್ಲ ಮೈಲಿಗೆ. ದೇವರ ಪೆಟ್ಟಿಗೆ ಹೊರುವವನು ಒಳಗೆ ಹೋಗುವ ಹಾಗಿಲ್ಲ. ತಮ್ಮನ ಮನೆಗೆ ಹೋಗೋಣವೆಂದರೆ ಸ್ವಪ್ನಳ ಹಿಂದೆ ಹಿಂದೆ ಓಡಿಬಂದ ಹೆಂಗಸರು, ಮಕ್ಕಳು ಯಾರು ಯಾರಿಗೆ ತಾಗಿಕೊಂಡರೋ ಯಾರಿಗೂ ಗೊತ್ತಿರಲಿಲ್ಲ. ಇಡೀ ಹಟ್ಟಿಯಲ್ಲಿ ಮೈಲಿಗೆಯಾಗದೆ ಉಳಿದದ್ದು ಒಂದೇ ಸೂರು. ಅದು ಹೊಸದು, ಅದರೊಳಗೆ ಇನ್ನೂ ಯಾರೂ ಮಲಗಿರಲಿಲ್ಲ. ಬೋರಣ್ಣ ಬಹಳ ಹೊತ್ತು ಬೇವಿನ ಮರದ ಕೆಳಗೆ ಕೂತು ಯೋಚಿಸಿದ. ದೀಪ ಹಚ್ಚುವ ಹೊತ್ತಿಗೆ ಬೇವಿನ ಕಟ್ಟೆಯ ಮೇಲಿದ್ದ ದೇವರ ಪೆಟ್ಟಿಗೆಯನ್ನು ಭುಜದ ಮೇಲೆ ಹೊತ್ತುಕೊಂಡು, ರಿಬ್ಬನ್ನು ತಾನೇ ಬಿಚ್ಚಿ, ಒಳಗೆ ಹೋದ.

ಮಾರನೆಯ ಬೆಳಗ್ಗೆ ಪಾತಮ್ಮ ಮುದ್ದೆ ಮಾಡಿ ರೇಣುಕಮ್ಮನ ಕೈಗೆ ಕೊಟ್ಟಳು. ರೇಣುಕಮ್ಮ ತಟ್ಟೆ ತಂದು ದೂರದಲ್ಲೇ ಇಟ್ಟಳು.

"ಮಾವ, ಉಂಡ್ಕಳ್ರಿ."

ಬೋರಣ್ಣ ಹೊರಗೆ ಬಂದ. ಕಣ್ಣು ಕೆಂಪಗಿದ್ದವು, ಮೂಗು ಸೋರುತ್ತಿತ್ತು. ತಗಡು ರಾತ್ರಿಯೆಲ್ಲ ತಣ್ಣಗೆ ಕೊರೆದಿತ್ತು. ತಟ್ಟೆ ನೋಡಿದ, ಅವಳನ್ನು ನೋಡಿದ, ಹಟ್ಟಿಯ ಕಡೆ ನೋಡಿದ. ಅಲ್ಲಿಂದ ಕೂಸಿನ ಅಳು ಕೇಳುತ್ತಿತ್ತು.

"ಚಳಿ ರೇಣುಕಾ," ಎಂದ ಕೊನೆಗೆ, ಹಲ್ಲು ಕಟಕಟಿಸುತ್ತ. "ನಾಲ್ಕೂ ಕಡೆಯಿಂದ ನುಗ್ತೈತೆ. ಇಲ್ಲಿ ಮನುಷ್ಯರು ಇರಾಕಾಗಲ್ಲ ಕಣವ್ವ."

"ಹೌದು ಮಾವ," ಎಂದಳು ರೇಣುಕಮ್ಮ. "ಅದನ್ನೇ ನಾನು ಫೋನ್ನಾಗೆ ಹೇಳಿದ್ದು."